ಕರೆಯದೆ ಬಂದ ಮಂದೆ

ಯತ್ತಪ್ಪ ಬಂದೇ ಬರುತ್ತಾನೆಂಬ ನಂಬಿಕೆಯಲ್ಲಿ ಕದರಪ್ಪ ಎಂದಿಗಿಂತ ಮೊದಲೇ ಮಂಡಲ ಪಂಚಾಯ್ತಿಯ ಬಾಗಿಲು ತೆಗೆಸಿ ಪ್ರಧಾನರ ಕುರ್ಚಿಯಲ್ಲಿ ಕೂತಿದ್ದ. ಆಫೀಸಿನ ಹಿಂದೆ, ಒಂದೇ ಗೋಡೆಯ ಆಚೆಗೆ ಬಂದಿದೊಡ್ಡಿ. ಕಂಡವರ ಬೆಳೆಗೆ ನುಗ್ಗಿದ ದನಕುರಿಗಳನ್ನು ತಂದು ಕೂಡಿ, ದಂಡ ಕಟ್ಟಿದ ಮೇಲೆ ಬಿಡುವ ಜಾಗ ಅದು. ನಿನ್ನೆ ಸಂಜೆಯಿಂದ ಅಲ್ಲಿ ಯತ್ತಪ್ಪನ ಕುರಿಗಳಿದ್ದವು. ಗೋಮಾಳದಲ್ಲಿ ಹೊಸದಾಗಿ ನೆಟ್ಟ ನೀಲಗಿರಿ ಸಸಿಗಳ ನಡುವೆ ಮೇಯುತ್ತಿದ್ದವೆಂದು ಕಾವಲಿನವನು ಹೊಡೆದುಕೊಂಡು ಬಂದು ಕೂಡಿದ್ದ. ಇಡೀ ಮಂದೆಯಲ್ಲಿ ಮರಿಯೊಂದೂ ಇರಲಿಲ್ಲ. ಹಾಲು ಕುಡಿಯುವ ಎಳೆಯ ಮರಿಗಳನ್ನು ಹಟ್ಟಿಯಲ್ಲೇ ಬುಟ್ಟಿಯಡಿ ಕವುಚಿಟ್ಟು ತಾಯಿಗಳನ್ನು ಮಾತ್ರ ಮೇವಿಗೆ ಹೊಡೆಯುವುದು ಈ ಕಡೆಯ ಕುರಿಗಾರರ ರೂಢಿ. ಸಂಜೆ ಮಂದೆ ಮರಳಿದಾಗಲೇ ಮರಿಗೆ ಮೊಲೆ. ಆ ಸಂಜೆ ಮಂದೆ ಮರಳಿರಲಿಲ್ಲ. ರಾತ್ರಿಯೆಲ್ಲ ಅರಚಿದ ತಾಯಿಗಳ ಗಂಟಲು ಈಗ ಒಡೆದು, ಒಣಗಿದ ಬಾಗಿಲು ತಿರುಗಿಸಿದಂಥ ಸದ್ದು ಗೋಡೆಯ ಈಚೆಗೆ ಬರುತ್ತಿತ್ತು. ಯತ್ತಪ್ಪ ಬಂದು ಒಂದು ಮಾತು ಕೇಳಿದರೆ ಸಾಕು. ಏನು ಹೇಳಬೇಕೆಂಬುದನ್ನು ಕದರಪ್ಪ ಹಾಸಿಗೆಯಲ್ಲಿರುವಾಗಲೇ ಹೊಂದಿಸಿಕೊಂಡಿದ್ದ: ಮೊದಲು ನಾಲ್ಕು ಜನರಿಗೆ ಕೇಳುವಂತೆ ಒಂದಿಷ್ಟು ಗದರುವುದು, 'ಸರ್ಕಾರದ ಗಿಡ ಕಣಯ್ಯ, ನಮ್ಮಪ್ಪನ ಮನೇದಲ್ಲ' ಎನ್ನುವುದು, ಆಮೇಲೆ ದಂಡವನ್ನು ತಾನೇ ಗುಟ್ಟಾಗಿ ಕಟ್ಟಿ ಕದ ತೆಗೆಸುವುದು. ಯತ್ತಪ್ಪ ಎಲ್ಲಿ ನಿಲ್ಲುತ್ತಾನೆ, ತಾನು ಯಾವಾಗ ಎದ್ದು ಅವನ ಹೆಗಲ ಮೇಲೆ ಕೈ ಹಾಕುತ್ತೇನೆ ಎಂಬುದೂ ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಹಾಗೆ ಕಣ್ಣಿಗೆ ಕಟ್ಟಿದ್ದಕ್ಕೇ ಒಳಗೆಲ್ಲೋ ಸಣ್ಣ ನಾಚಿಕೆ. ಅದನ್ನು ಅವನು ಎಲೆಯಡಿಕೆಯ ಜೊತೆ ಜಗಿದು ಕಿಟಕಿಯಿಂದಾಚೆ ಉಗಿದ.

ಕಿಟಕಿಯಾಚೆ ಐ.ಡಿ.ಹಳ್ಳಿಯ ಕಡೆಯಿಂದ ಬಂದ ಬಸ್ಸು ಹುಣಸೆಮರದ ಕೆಳಗೆ ಧೂಳೆಬ್ಬಿಸಿ ನಿಂತು ಹೊರಟಿತು. ಇಳಿದವರಲ್ಲಿ ಯತ್ತಪ್ಪನಿರಲಿಲ್ಲ. ಅವನಿರುವ ಬಸವನಮರಡಿಯ ಹಟ್ಟಿ ಕೂಗಳತೆಗಿಂತ ಸ್ವಲ್ಪ ದೂರವಷ್ಟೇ, ಅಲ್ಲಿಂದ ಬರಲು ಯಾರಿಗೂ ಬಸ್ಸು ಬೇಕಿಲ್ಲ ಎಂಬುದು ಗೊತ್ತಿದ್ದೂ ಕದರಪ್ಪ ಒಂದೊಂದೇ ಮುಖ ನೋಡಿದ. ಎಷ್ಟೋ ವರ್ಷಗಳ ಹಿಂದೆ ತೆಲುಗು ನಾಡಿನ ಕದಿರಿ ಸೀಮೆಯಿಂದ ಗಾಡಿ ಕಟ್ಟಿಕೊಂಡು ಬಂದು ಕದರಪ್ಪ ತಾನು ಇಳಿದದ್ದೂ ಇದೇ ಹುಣಸೆಮರದ ಕೆಳಗೆ. ಆಗ ಬಸ್ಸಿರಲಿಲ್ಲ. ಗಾಡಿಯಲ್ಲಿ ಹೆಂಡತಿ ಚಿಕ್ಕಲಕ್ಷ್ಮಮ್ಮ, ಒಂದು ರಾಗಿಕಲ್ಲು, ಕಡಲೆಕಾಯಿ ಬೀಜದ ಮೂಟೆ. ಕೊಂಡ ಹೊಲ ಯಾರಿಗೂ ಬೇಡವಾದ ಬೋರೆ, ಬರೀ ಕಲ್ಲುದಿಣ್ಣೆ. ಉಳುವಾಗ ಗುಳಕ್ಕೆ ತಗಲುತ್ತಿದ್ದ ಸುಣ್ಣಕಲ್ಲು ಯಾರದೋ ಮೂಳೆ ಮುರಿದಂತೆ ಸದ್ದು ಮಾಡುತ್ತಿತ್ತು. 'ತೆಲುಗನ ಕೊರಳಿಗೆ ಕಲ್ಲುಮರಡಿ ಕಟ್ಟಿದರು' ಎಂದು ಊರು ನಕ್ಕಿತ್ತು. ಗೊಬ್ಬರವಿಲ್ಲದೆ ಆ ನೆಲದಲ್ಲಿ ಏನೂ ಏಳುವುದಿಲ್ಲವೆಂದು ಅವನಿಗೆ ಮೊದಲ ವರ್ಷವೇ ತಿಳಿಯಿತು. ಬೇರೆಯವರ ಹೊಲಗಳಲ್ಲಿ ಮುಂಗಾರಿಗೆ ಮುಂಚೆ ರಾತ್ರಿಗಳಲ್ಲಿ ಕುರಿಮಂದೆ ಕೂಡಿಸುತ್ತಿದ್ದರು. ಹಿಕ್ಕೆ ಗಂಜಲದಿಂದ ನೆಲ ಕಪ್ಪಾಗುತ್ತಿತ್ತು. ತನ್ನ ಹೊಲಕ್ಕೂ ಯಾಕೆ ಮಂದೆ ಬರುವುದಿಲ್ಲವೆಂಬುದು ಅವನಿಗೆ ಅರ್ಥವಾಗಲಿಲ್ಲ. ಕುರಿಗಾರರು ಬಂದು ಕೇಳುತ್ತಾರೆ, ಆಗ ಕೂಲಿ ಮಾತಾಡೋಣ ಎಂದುಕೊಂಡು ಅವನು ಬದುವಿನ ಮೇಲೆ ಕೂತು ಕಾದಿದ್ದ. ಈ ಸೀಮೆಯಲ್ಲಿ ಕುರಿಗಾರ ಬಂದು ಕೇಳುವುದಿಲ್ಲ. ಹೊಲದವನೇ ಎಲೆಯಡಿಕೆ ಹಿಡಿದು ಹಟ್ಟಿಗೆ ಹೋಗಿ ಮಂದೆಯನ್ನು ಕರೆಯಬೇಕು. ನನ್ನ ಕುರಿಯ ಹಿಕ್ಕೆ ಬೇಕೇ ಎಂದು ಹೊಲ ಹೊಲ ತಿರುಗುವವನನ್ನು ಹಟ್ಟಿಯವರು ತಿರುಕನೆನ್ನುತ್ತಾರೆ. ಇದನ್ನು ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಅವನು ಕರೆಯಲಿಲ್ಲ, ಮಂದೆ ಬರಲಿಲ್ಲ, ಆ ವರ್ಷ ಕಡಲೆಕಾಯಿ ಗಿಡ ಗೇಣುದ್ದವೂ ಆಗಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಬದುವಿನಾಚೆ ಗಂಟೆ ಸದ್ದಾಯಿತು. ಕಂಬಳಿ ಹೊದ್ದ ಎತ್ತರದ ಆಳೊಬ್ಬ ಯಾರನ್ನೂ ಕೇಳದೆ ಮಂದೆಯನ್ನು ಅವನ ಹೊಲದ ಮಧ್ಯಕ್ಕೆ ಇಳಿಸುತ್ತಿದ್ದ. ಕದರಪ್ಪ ಹರುಕು ಮುರುಕು ಕನ್ನಡದಲ್ಲಿ, "ನಾನು ಪಿಲಿಚಿಲ್ಲ, ಕರೀಲಿಲ್ಲವಲ್ಲ!" ಎಂದು ಓಡಿಹೋಗಿದ್ದ. ಆ ಆಳು ಕೋಲು ನೆಲಕ್ಕೂರಿ, "ಕರೀದಿದ್ರೆ ಬ್ಯಾಡ ಬುಡು. ಕುರಿಗೆ ಆಯಾಸ ಆಗೈತೆ, ಇಲ್ಲೇ ಮನೀಕ್ಕಂತವೆ. ನಿಂಗೇನಾರ ತೊಂದ್ರೆಯೇ?" ಎಂದಿದ್ದ. ಅವನೇ ಯತ್ತಪ್ಪ. ಕರೆಯದ ಹೊಲಕ್ಕೆ ಮಂದೆ ಹೊಡೆದನೆಂದು ಹಟ್ಟಿಯಲ್ಲಿ ಅವನನ್ನು ಎಷ್ಟು ಆಡಿಕೊಂಡರೆಂಬುದು ಕದರಪ್ಪನಿಗೆ ತಿಳಿದದ್ದು ಬಹಳ ವರ್ಷಗಳ ನಂತರ, ಅದೂ ಯತ್ತಪ್ಪನ ಹೆಂಡತಿ ಕ್ಯಾತಮ್ಮನ ಬಾಯಿಂದ. ಅವಳು ಅದನ್ನು ತಮಾಷೆಯಾಗಿಯೇ ಹೇಳಿದ್ದಳು: "ನಿಮ್ ದೆಸೆಯಿಂದ ನಮ್ ಮನೇಗೆ ತಿರುಕರ ಮನೆ ಅಂತ ಹೆಸರು ಬಂತು ಕಣಣ್ಣ!" ಎಲ್ಲರೂ ನಕ್ಕಿದ್ದರು. ಆ ಹೊಲದ ಕಡಲೆಕಾಯಿಯಿಂದ ಬಾವಿಯಾಯಿತು, ಬಾವಿಯಿಂದ ಪಂಪ್‌ಸೆಟ್ಟು, ಪಂಪ್‌ಸೆಟ್ಟಿಗಾಗಿ ಮಧುಗಿರಿಯ ಆಫೀಸುಗಳಿಗೆ ಅಲೆದದ್ದರಿಂದ ನಾಲ್ಕು ಜನರ ಅರ್ಜಿ ಹಿಡಿದು ಓಡಾಡುವ ಅಭ್ಯಾಸ. ಸಾಹೇಬರ ಮುಂದೆ ನಿಲ್ಲಲು ಅವನಿಗೆ ನಾಚಿಕೆಯಾಗುತ್ತಿರಲಿಲ್ಲ. ಪರಸ್ಥಳದವನಿಗೆ ಕಳೆದುಕೊಳ್ಳುವ ಮರ್ಯಾದೆಯಾದರೂ ಎಲ್ಲಿರುತ್ತದೆ? ಎಂಬತ್ತೇಳರ ಚುನಾವಣೆಯಲ್ಲಿ ಊರಿನ ಎರಡು ಬಣಗಳು ಒಂದರ ಕತ್ತು ಒಂದು ಹಿಡಿದು ನಿಂತಾಗ, ಯಾವ ಬಣಕ್ಕೂ ಸೇರದ ಕದರಪ್ಪನೇ ಪ್ರಧಾನನಾಗಲಿ ಎಂದದ್ದು ಮಂಡಿ ವ್ಯಾಪಾರದ ಶಂಕರಲಿಂಗಪ್ಪನವರು. ಯಾರಿಗೂ ಬೇಡವಾದ ಹೊಲ ಸಿಕ್ಕ ಹಾಗೆಯೇ ಕುರ್ಚಿಯೂ ಸಿಕ್ಕಿತು.

ಆ ಶಂಕರಲಿಂಗಪ್ಪನವರೇ ಈಗ ಕೊಡೆ ಮಡಚಿ ಒಳಗೆ ಬಂದರು. ವಿಭೂತಿಯ ಹಣೆ, ಇಸ್ತ್ರಿಯ ಪಂಚೆ. ಬಂದವರು ಕೂರುವ ಬೆಂಚಿನ ಮೇಲೆ ಅವರು ಯಾವತ್ತೂ ಕೂತವರಲ್ಲ, ಗುಮಾಸ್ತನ ಕುರ್ಚಿ ಎಳೆದುಕೊಳ್ಳುತ್ತಾರೆ.

"ಏನ್ ಪ್ರಧಾನ್ರೆ, ಸಂಗೀತ ಕಚೇರಿ ಇಟ್ಕಂಡಿದೀರಿ ಹಿಂದುಗಡೆ," ಎಂದರು.

"ಯತ್ತಪ್ಪನ ಕುರಿ, ಸಾಮಿ. ಬರ್ತಾನೆ ಈಗ, ಬಿಡಿಸ್ಕೊಂಡು ಹೋಗ್ತಾನೆ."

"ಬಿಡಿಸ್ಕಂತಾನೋ, ಬಿಡ್ತೀರೋ?" ಶಂಕರಲಿಂಗಪ್ಪನವರು ನಕ್ಕರು. "ಹೋದ ತಿಂಗಳು ನಮ್ಮ ಆಳಿನ ಹಸೂನ ಇದೇ ದೊಡ್ಡೀಲಿ ಕೂಡಿದ್ರು. ಸರಿಯಾಗಿ ದಂಡ ಕಟ್ಟಿಸ್ಕಂಡ್ರಿ. ನಾನು ತುಟಿ ಬಿಚ್ಚಲಿಲ್ಲ. ಕಾನೂನು ಅಂದ್ರೆ ಕಾನೂನು, ಮೆಚ್ಕಂಡೆ. ಈಗ ಜನ ನೋಡ್ತಿರ್ತಾರೆ ಕಣ್ರೀ. ನಾವು ಇಲ್ಲೇ ಹುಟ್ಟಿದೋರು, ನಾವು ತಪ್ಪು ಮಾಡಿದ್ರೆ ಬಯ್ದು ಸುಮ್ನಾಗ್ತಾರೆ. ನಿಮ್ಮದು ಹಂಗಲ್ಲವಲ್ಲ."

ನಿಮ್ಮದು ಹಂಗಲ್ಲವಲ್ಲ. ಮಾತಿನಲ್ಲಿ ಮುಳ್ಳಿರಲಿಲ್ಲ, ನಿಜಕ್ಕೂ ಹಿತ ಬಯಸಿ ಹೇಳಿದಂತಿತ್ತು. ಅದಕ್ಕೇ ಅದು ಆಳಕ್ಕಿಳಿಯಿತು. ಇಷ್ಟು ವರ್ಷ ಈ ನೀರು ಕುಡಿದು, ಈ ಭಾಷೆಯಲ್ಲಿ ಜಗಳವಾಡಿ, ಈ ಜನರ ಹೆಣಕ್ಕೆ ಹೆಗಲು ಕೊಟ್ಟು, ಇನ್ನೂ ತಾನು ಒಂದು ತಪ್ಪಿನ ದೂರದಲ್ಲಿ ನಿಂತಿದ್ದೇನೆ. ಒಂದು ತಪ್ಪು, ಮತ್ತೆ ತೆಲುಗನ ಗಾಡಿ. ಹೀಗೆ ಯೋಚಿಸುತ್ತಿರುವಾಗಲೇ ದೊಡ್ಡಿ ಕಾಯುವ ಓಬಯ್ಯ ಬಾಗಿಲಲ್ಲಿ ತಲೆ ಕೆರೆಯುತ್ತ ನಿಂತ.

"ಸಾಮೇರಾ, ಕ್ಯಾತಮ್ಮ ಬಂದವ್ಳೆ. ಯತ್ತಪ್ಪನ ಯೆಂಡ್ರು. ಮರಿಗುಳ್ನೆಲ್ಲ ಬುಟ್ಟೀಲಿ ಒತ್ಕಂಡ್ ಬಂದವ್ಳೆ. ದೊಡ್ಡಿ ಒಳಕ್ ಬುಟ್ರೆ ಮೊಲೆ ಕುಡಿಸ್ಕಂಡು ಓಯ್ತೀನಿ ಅಂತಾವ್ಳೆ. ಏನ್ಮಾಡ್ಲಿ?"

ಕದರಪ್ಪನ ಎರಡು ಕೈಗಳೂ ಕುರ್ಚಿಯ ತೋಳಿನ ಮೇಲೆ ಊರಿ ಏಳಲು ಅಣಿಯಾಗಿದ್ದವು. ಶಂಕರಲಿಂಗಪ್ಪನವರು ಕೊಡೆಯ ಹಿಡಿಯನ್ನು ಒರೆಸುತ್ತ ಏನನ್ನೂ ಕೇಳಿಸಿಕೊಳ್ಳದವರಂತೆ ಕೂತಿದ್ದರು. ಕೇಳಿಸಿಕೊಳ್ಳದಿರುವುದರಲ್ಲಿಯೂ ಒಂದು ಬಗೆಯ ಕೇಳುವಿಕೆ ಇರುತ್ತದೆ. ಕದರಪ್ಪ ಮತ್ತೆ ಬೆನ್ನು ಆನಿಸಿದ.

"ಹೆಂಗಸನ್ನ ಯಾಕೆ ಕಳಿಸ್ತಾನೆ?" ಎಂದ. ದನಿ ತಾನೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಯತ್ತಪ್ಪ ಬಂದು ಕೇಳ್ಲಿ."

ಓಬಯ್ಯ ಒಂದು ಗಳಿಗೆ ನಿಂತ, ಮಾತಿನ ಬಾಲ ಇನ್ನೇನಾದರೂ ಇದೆಯೋ ಎಂದು ಕಾದವನ ಹಾಗೆ. ಆಮೇಲೆ ಹೋದ. ಗೋಡೆಯಾಚೆ ಮರಿಗಳ ಎಳೆಯ ಕೂಗು ಕೇಳಿ ತಾಯಿಗಳೆಲ್ಲ ಒಮ್ಮೆಗೇ ಅರಚಿದವು, ಕದಕ್ಕೆ ಮೈ ಬಡಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಎಳೆಯ ಕೂಗು ದೂರವಾಗುತ್ತ ಹೋಯಿತು. "ಚಹಾ ತರಿಸ್ರಿ," ಎಂದರು ಶಂಕರಲಿಂಗಪ್ಪನವರು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಚಿಕ್ಕಲಕ್ಷ್ಮಮ್ಮ ಮುದ್ದೆ ಹಾಕಿ ಎದುರಿಗೆ ಕೂತಳು. ಸುದ್ದಿ ಅವಳಿಗಾಗಲೇ ಮುಟ್ಟಿತ್ತು. ಅವಳು ಬಯ್ಯಲಿಲ್ಲ. "ಕ್ಯಾತಮ್ಮನಿಗೆ ಮೊಖ ತೋರ್ಸೋದು ಹೆಂಗೆ ನಾನು?" ಎಂದಳು. ಆಮೇಲೆ, ಸಿಟ್ಟು ಬಂದಾಗ ಮಾತ್ರ ಬಾಯಿಗೆ ಬರುವ ತಾಯಿನುಡಿಯಲ್ಲಿ, "ನುವ್ವೇ ಪೋರಾದಾ?" ಎಂದಳು. ನೀನೇ ಹೋಗಬಾರದೇ? "ಅವ್ನು ಬರಲ್ಲ. ನೀ ಹೋಗು. ಹಟ್ಟಿಗೆ ಹೋಗಿ, ಬಾರಯ್ಯ ಕುರಿ ಹೊಡ್ಕೊಂಡ್ ಹೋಗು ಅನ್ನು. ಅಷ್ಟೇ ತಾನೆ?" ಅರ್ಧ ಮುದ್ದೆಗೇ ಕೈ ತೊಳೆದು, ಎಲೆಯಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿ ಅವನು ಹಟ್ಟಿಯ ದಾರಿ ಹಿಡಿದ.

ದಾರಿ ಗೋಮಾಳದ ನಡುವೆ ಹಾಯುತ್ತಿತ್ತು. ಎತ್ತ ನೋಡಿದರೂ ಸಾಲು ಸಾಲು ಗುಂಡಿ; ಗುಂಡಿಗೊಂದು ಮೊಳದುದ್ದದ ಸಸಿ, ನಾಲ್ಕು ನೀಲಿ ಎಲೆ. ಈ ನೆಲಕ್ಕೆ ನೀಲಗಿರಿ ಹಾಕುವ ಠರಾವಿಗೆ ಮೊದಲ ರುಜು ಅವನದೇ. ಅರಣ್ಯದ ಅಧಿಕಾರಿ ಜೀಪಿನಿಂದಿಳಿದು, 'ಇದೆಲ್ಲ ಖಾಲಿ ಬಿದ್ದಿದೆಯಲ್ಲ' ಎಂದು ಕೈ ಬೀಸಿ ತೋರಿಸಿದಾಗ ಕದರಪ್ಪನಿಗೂ ಅದು ಖಾಲಿಯಾಗಿಯೇ ಕಂಡಿತ್ತು. ಇಲ್ಲಿ ಹುಟ್ಟಿದವರೆಲ್ಲ, ಆ ಶಂಕರಲಿಂಗಪ್ಪನವರೂ ಸೇರಿ, ಒಳಗೊಳಗೆ ಇದು ಖಾಲಿಯಲ್ಲವೆಂದು ಬಲ್ಲವರು. ಬಲ್ಲವರು ಸುಮ್ಮನಿದ್ದರು, ಅರಿಯದವನು ರುಜು ಹಾಕಿದ. ನೆಲವೆಂದರೆ ಉಳುವುದು ಎಂದು ತಿಳಿದು ಬಂದವನಿಗೆ, ಉಳದೆ ಬಿಟ್ಟ ನೆಲದಲ್ಲಿ ಒಂದು ಹಟ್ಟಿಯ ಬದುಕೇ ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತದೆಂಬುದು ಕಾಣಲಿಲ್ಲ. ರುಜು ಹಾಕಿದ ದಿನ ಯತ್ತಪ್ಪ ಎದುರಿಗೆ ಸಿಕ್ಕಿದ್ದ. ಏನೂ ಅನ್ನಲಿಲ್ಲ. "ಗಿಡ ಒಳ್ಳೇದೇ ಬುಡು," ಎಂದಿದ್ದ, "ನೆಳ್ಳಾಗ್ತದೆ." ಆಗ ಅದನ್ನು ಕದರಪ್ಪ ಒಪ್ಪಿಗೆಯೆಂದು ತಿಳಿದಿದ್ದ.

ಮರಡಿಯ ತಿರುವು ದಾಟಿದರೆ ಹಟ್ಟಿ ಕಾಣುತ್ತದೆ. ತಿರುವಿನಲ್ಲಿ ಪುರವರದ ಸಂತೆಯಿಂದ ಮರಳುತ್ತಿದ್ದ ಇಬ್ಬರು ಸೈಕಲ್ಲಿನಿಂದಿಳಿದು ಕೈ ಮುಗಿದರು. ಅವರಲ್ಲೊಬ್ಬ ಪಂಚಾಯ್ತಿಯ ಸದಸ್ಯ ಚಿಕ್ಕನರಸಯ್ಯ. "ಎತ್ತ ಹೊಂಟ್ರಿ ಪ್ರಧಾನ್ರೆ, ಬಿಸ್ಲಲ್ಲಿ? ಓ, ಯತ್ತಪ್ಪನ ತಾವ್ಕಾ? ಎಲೆಯಡಿಕೆ ಬೇರೆ ಮಡೀಕ್ಕಂಡಿದ್ದೀರಿ!" ಎಂದು ಜೊತೆಯವನತ್ತ ತಿರುಗಿ ಕಣ್ಣು ಮಿಟುಕಿಸಿದ. "ಕಾನೂನೇ ಕಾಲ್ನಡಿಗೇಲಿ ಹೋಗ್ತೈತೆ ನೋಡ್ಲಾ!" ಅದು ಊರಿನ ಮಾಮೂಲು ಹಾಸ್ಯ. ಬೇರೆ ದಿನವಾಗಿದ್ದರೆ ಅವನೂ ತಿರುಗಿ ಒಂದು ಮಾತು ಎಸೆದು ನಗುತ್ತಿದ್ದ. ಈಗ ಕಿವಿ ಬಿಸಿಯಾಯಿತು. "ಇಲ್ಲಪ್ಪ, ಸಸಿಗೆ ನೀರು ಹಾಕಿದಾರಾ ನೋಡೋಣ ಅಂತ ಬಂದೆ," ಎಂದ. ಎಂದಮೇಲೆ ನೋಡಲೇಬೇಕಾಯಿತು. ಒಂದು ಗುಂಡಿಯ ಬಳಿ ಕುಕ್ಕರಿಸಿ ಮಣ್ಣು ಮುಟ್ಟಿದ. ಅವರು ಸೈಕಲ್ಲು ಹತ್ತಿ ಹೋಗುವವರೆಗೂ ಮುಟ್ಟುತ್ತಲೇ ಇದ್ದ. ಅವರು ಹೋದ ಮೇಲೂ ಏಳಲು ತಡವಾಯಿತು. ಎದ್ದಾಗ ಕಾಲುಗಳು ಊರಿನ ಕಡೆಗೇ ತಿರುಗಿದವು. ಸಂಜೆಯೊಳಗೆ ಅವನೇ ಬರುತ್ತಾನೆ, ಬರದೆ ಎಲ್ಲಿ ಹೋಗುತ್ತಾನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ತಿರುವಿನಾಚೆ, ಬೇಲಿಯ ಬಳಿ ಯಾರಾದರೂ ದಾರಿ ನೋಡುತ್ತ ಕೂತಿರಬಹುದೆಂದು ಅವನಿಗೆ ಹೊಳೆಯಲಿಲ್ಲ.

ಬಿಸಿಲು ಬಾಗುವ ಹೊತ್ತಿಗೆ ಆಫೀಸಿನ ಮುಂದೆ ಲಾರಿಯೊಂದು ನಿಂತಿತು. ಸಿರಾದ ಕುರಿ ವ್ಯಾಪಾರಿ ಬುಡನ್ ಸಾಬಿ ಮೆಟ್ಟಿಲು ಹತ್ತಿ ಬಂದು, ದಂಡ ಕಟ್ಟಿದ ರಸೀತಿಯನ್ನು ಮೇಜಿನ ಮೇಲಿಟ್ಟ.

"ಸಲಾಂ ಪ್ರಧಾನ್ ಸಾಹೇಬ್ರೆ. ಒಂದ್ ಸೈನ್ ಹಾಕ್ಬಿಡಿ. ದೊಡ್ಡಿ ಮಾಲು ಬಿಡಿಸ್ಕೋಬೇಕು."

"ಯಾರ್ದು?"

"ಯತ್ತಪ್ಪಂದು. ಈಗ ನಮ್ದು. ಪೂರಾ ಮಂದೆ ಕೊಟ್ಬಿಟ್ಟ."

ಕದರಪ್ಪ ರಸೀತಿಯನ್ನು ನೋಡುತ್ತ, "ಅವ್ನು ದಂಡ ಕಟ್ಟೋಕಾಗದೋನೇನಲ್ಲ," ಎಂದ.

"ನಾನೂ ಅದೇ ಅಂದೆ ಸಾಹೇಬ್ರೆ. ಹತ್ತಾರು ವರ್ಷದ ದೋಸ್ತಿ, ಕೆಟ್ಟ ಹೊತ್ತಲ್ಲಿ ತಗೊಂಡೆ ಅನ್ನಿಸ್ಕೋಬಾರ್ದು ನೋಡಿ. ಅವ್ನು ಏನಂದ ಗೊತ್ತಾ? ಇವತ್ತು ಬಿಡಿಸ್ಕಂಡ್ರೆ ನಾಳೆ ಎಲ್ಲಿ ಮೇಯಿಸ್ಲಿ ಅಂದ. ಅದಕ್ಕೆ ನನ್ ತಾವ ಜವಾಬಿಲ್ಲ." ಬುಡನ್ ಸಾಬಿ ಟೋಪಿ ತೆಗೆದು ಬೆವರೊರೆಸಿದ. "ಬೆಳಿಗ್ಗೇನೆ ಬಂದಿದ್ದೆ ಆ ಕಡೆ. ಇರು ಇರು, ಒಬ್ರು ಬರೋರವ್ರೆ ಅಂತ ಕೂರಿಸ್ದ. ಬೇಲಿ ತಾವ ಕೂತ್ಕಂಡು ಮಧ್ಯಾಹ್ನದ ತನ್ಕ ದಾರೀನೇ ನೋಡ್ದ ಪಾಪ. ಯಾರೂ ಬರ್ಲಿಲ್ಲ. ಆಮೇಲೆ ಎದ್ದು ಕೈ ಮೇಲೆ ಕೈ ಹಾಕಿ ವ್ಯಾಪಾರ ಮುಗಿಸ್ಬಿಟ್ಟ."

ಕದರಪ್ಪ ಪೆನ್ನಿನ ಮುಚ್ಚಳ ತೆಗೆದ. ರುಜು ಹಾಕದಿದ್ದರೆ? ಹಾಕದಿದ್ದರೆ ಕುರಿಗಳು ದೊಡ್ಡಿಯಲ್ಲೇ ಉಳಿಯುತ್ತವೆ. ಹಾಕಿದರೆ ಹೋಗುತ್ತವೆ. ಬೆಳಿಗ್ಗೆ ಒಂದು ಮಾತಿನಲ್ಲಿ ಮುಗಿಯುತ್ತಿದ್ದದ್ದು ಈಗ ಯಾವ ಮಾತಿಗೂ ಮುಗಿಯದಂತಾಗಿತ್ತು. ಬಸ್ಸಿನ ಬೋರ್ಡು ಓದಿ ಓದಿ ಕಲಿತ ಕನ್ನಡದಲ್ಲಿ, ಈಗಲೂ ತಲೆಕಟ್ಟು ತೆಲುಗಿನಂತೆಯೇ ಏಳುವ ತನ್ನ ಹೆಸರನ್ನು ಅವನು ಬರೆದ. ಬುಡನ್ ಸಾಬಿ, "ಮರೀನೂ ಸೇರಿಸೇ ತಗೊಂಡಿದೀನಿ. ತಾಯಿ ಬಿಡಿಸೋಕೆ ನಮ್ಗೂ ಮನಸ್ಸು ಬರಲ್ಲ," ಎಂದು, ಯಾರೂ ಕೇಳದ ಪ್ರಶ್ನೆಗೆ ಉತ್ತರಿಸುವವನಂತೆ ಹೇಳಿ ಇಳಿದುಹೋದ.

ಕದರಪ್ಪ ಗೋಡೆಯ ಮೂಲೆಯವರೆಗೆ ಮಾತ್ರ ಹೋದ. ಲಾರಿಯ ಹಿಂಬದಿಯ ಹಲಗೆ ಇಳಿಸಿದ್ದರು. ಯತ್ತಪ್ಪ ಕುರಿಗಳನ್ನು ಒಂದೊಂದಾಗಿ ಎದೆಗವುಚಿ ಎತ್ತಿ ಮೇಲಿದ್ದವನಿಗೆ ಕೊಡುತ್ತಿದ್ದ. "ಇದ್ರ ಹಿಂಗಾಲು ನೋವದೆ, ಮೂಲೇಗ್ ನಿಲ್ಸು... ಇದು ಹಾಯ್ತದೆ, ಉಸಾರು... ಇದೂ ಅದೂ ಅಕ್ಕತಂಗೀರು, ಒಟ್ಗೇ ಬುಡಪ್ಪ." ಮದುವೆಯಾದ ಮಗಳ ಸಾಮಾನು ಒಪ್ಪಿಸುವವರ ದನಿ. ಕ್ಯಾತಮ್ಮ ಬುಟ್ಟಿಯಿಂದ ಮರಿಗಳನ್ನು ತೆಗೆದು, ತಾಯಿ ಯಾವುದೆಂದು ಕ್ಷಣವೂ ಯೋಚಿಸದೆ, ಹಲಗೆಯ ಸಂದಿಯಿಂದ ಅದದರ ಕೆಚ್ಚಲಿಗೆ ಸೇರಿಸುತ್ತಿದ್ದಳು. ಒಂದು ತಾಯಿ ಮಾತ್ರ ತನಗೆ ಮರಿ ಬಾರದೆ ಕತ್ತು ಚಾಚಿ ಅರಚುತ್ತಲೇ ಇತ್ತು. ಕ್ಯಾತಮ್ಮ ಬುಟ್ಟಿಯ ತಳದಲ್ಲಿದ್ದುದನ್ನು ಸೆರಗಿನಿಂದ ಮುಚ್ಚಿದಳು. "ಸುಮ್ಕಿರು ಕಣವ್ವ," ಎಂದಳು ಆ ಕುರಿಗೆ, "ಸುಮ್ಕಿರು. ಅದು ಬೆಳಿಗ್ಗೆ ತಂದಾಗ ಆಡ್ತಿತ್ತು. ಮಧ್ಯಾನ್ನಕ್ಕೆ ಓಯ್ತು."

ಮಧ್ಯಾಹ್ನಕ್ಕೆ. ಕದರಪ್ಪ ಗೋಡೆಗೆ ಬೆನ್ನು ಕೊಟ್ಟು ನಿಂತ. ಮುಂದಕ್ಕೆ ಹೋಗಿ ಏನಾದರೂ ಹೇಳಬೇಕು. ಹೇಳಲು ಹೊರಟರೆ ಮೊದಲು ಬರುವುದು ತೆಲುಗೋ ಕನ್ನಡವೋ ಎಂಬುದೇ ಅವನಿಗೆ ತಿಳಿಯಲಿಲ್ಲ. ಲಾರಿ ಹೊರಟಿತು. ಅದರ ಸದ್ದು ಮಿಡಿಗೇಶಿಯ ಬೆಟ್ಟದ ಕಡೆಗೆ ಸಣ್ಣದಾಗುತ್ತ ಹೋದ ಮೇಲೆ, ಬೆಳಗಿನಿಂದ ಕಿವಿ ತುಂಬಿದ್ದ ಕೂಗು ಇಲ್ಲದೆ ಊರೇ ಕಿವುಡಾದಂತೆ ಕಂಡಿತು. ಅವನು ಬಂದು ಕುರ್ಚಿಯಲ್ಲಿ ಕೂತ. ಕೂರಲು ಬೇರೆ ಜಾಗವೂ ಇರಲಿಲ್ಲ.

ಹೆಜ್ಜೆಯ ಸದ್ದಾಗಿ ತಲೆಯೆತ್ತಿದಾಗ ಬಾಗಿಲಲ್ಲಿ ಯತ್ತಪ್ಪ. ಕೆರ ಹೊರಗೆ ಬಿಟ್ಟು, ತಲೆಯ ವಸ್ತ್ರವನ್ನು ಬಿಚ್ಚಿ ಕಂಕುಳಿಗೆ ಸಿಕ್ಕಿಸಿ, ಬೆಂಚಿನ ಪಕ್ಕದಲ್ಲಿ ಬಂದು ನಿಂತ. ಮೈಯಿಂದ ಇನ್ನೂ ಕುರಿಯ ವಾಸನೆ ಬರುತ್ತಿತ್ತು.

"ಯತ್ತಣ್ಣ," ಎಂದು ಕದರಪ್ಪ ಅರ್ಧ ಎದ್ದ. "ಕೂತ್ಕೋ. ನಾನು... ಕೂತ್ಕೋ ಮೊದ್ಲು."

"ಇರ್ಲಿ ಸಾಮಿ, ನಿಂತೇ ಹೇಳ್ತೀನಿ." ಇಷ್ಟು ವರ್ಷಗಳಲ್ಲಿ ಅವನು ಕದರಪ್ಪನನ್ನು ಸಾಮಿ ಎಂದವನಲ್ಲ. "ಬೆಳಿಗ್ಗೆ ಕೇಳ್ಲಿ ಅಂದ್ರಂತೆ. ಆಗ ಕೇಳೋಕೆ ನಂಗೆ ಏನೂ ಇರ್ಲಿಲ್ಲ. ಕುರಿ ನಂದೇ, ನಂದನ್ನ ಏನಂತ ಕೇಳ್ಲಿ? ಈಗ ಐತೆ, ಬಂದಿವ್ನಿ."

"ಹೇಳು."

"ಗೋಮಾಳದ ಗಿಡಕ್ಕೆ ಇನ್ನೊಬ್ಬ ಕಾವಲಿನೋನು ಬೇಕು ಅಂತ ಓಬಯ್ಯ ಅಂತಿದ್ದ. ನನ್ನ ಹಾಕ್ಕಳಿ." ಒಂದು ಸಣ್ಣ ನಗೆ ಯತ್ತಪ್ಪನ ಮೀಸೆಯಡಿ ಮೂಡಿ ಹೋಯಿತು, ವ್ಯಂಗ್ಯವೇನೂ ಇರಲಿಲ್ಲ ಅದರಲ್ಲಿ, ಕೆಲಸ ಬೇಡುವವನು ತನ್ನ ಗುಣ ತಾನೇ ಹೇಳಿಕೊಳ್ಳುವಾಗಿನ ಸಂಕೋಚ. "ಕುರಿ ಯಾವ ಸಂದೀಲಿ ನುಗ್ತವೆ ಅಂತ ನಂಗೆ ಗೊತ್ತಿರೋ ಅಷ್ಟು ಇನ್ಯಾರಿಗೆ ಗೊತ್ತು? ಹಟ್ಟೀಲಿ ಸುಮ್ನೆ ಕೂರಕ್ಕಾಗಕ್ಕಿಲ್ಲ ಸಾಮಿ. ಬೆಳಗಾದ್ರೆ ಆ ಕಡೇಗೇ ಓಯ್ತವೆ ಕಾಲು."

ಹೇಳಬೇಕಾದ ಮಾತುಗಳೆಲ್ಲ ಕದರಪ್ಪನ ಬಾಯೊಳಗೆ ನೂಕಾಡಿದವು. ಮಧ್ಯಾಹ್ನ ನಾನು ಹೊರಟಿದ್ದೆ ಯತ್ತಣ್ಣ, ತಿರುವಿನವರೆಗೆ ಬಂದಿದ್ದೆ. ಅದನ್ನು ಹೇಳಿದರೆ, ತಿರುವಿನಿಂದ ಯಾಕೆ ಮರಳಿದೆ ಎಂಬುದನ್ನೂ ಹೇಳಬೇಕು. ಬಾಗಿಲಾಚೆ ಓಬಯ್ಯ, ಅವನ ಹಿಂದೆ ಚಹಾ ಅಂಗಡಿಯ ಇಬ್ಬರು ಇತ್ತಲೇ ಕಿವಿ ಕೊಟ್ಟು ನಿಂತಿದ್ದರು. ಅವನ ಕೈ, ಕೇಳಿಬಂದವರ ಮುಂದೆ ವರ್ಷವಿಡೀ ಮಾಡಿ ರೂಢಿಯಾದ ಕೆಲಸವನ್ನು ತಾನಾಗಿಯೇ ಮಾಡಿತು. ಮೇಜಿನ ಖಾನೆ ಎಳೆಯಿತು.

"ಅರ್ಜಿ ಬೇಕಾಗ್ತದೆ," ಎಂದ.

"ನಂಗೆ ಬರಿಯಕ್ಕೆ ಎಲ್ಲಿ ಬತ್ತದೆ. ನೀವೇ ಬರ್ಕಂಡ್ ಬುಡಿ."

ಕದರಪ್ಪ ಕಾಗದದ ಮೇಲೆ ಬಾಗಿ, ಊರಿನ ಹೆಸರು, ಹಟ್ಟಿಯ ಹೆಸರು ಬರೆದ. ಯತ್ತಪ್ಪ ಎಂದು ಬರೆದ. ಬರೆದು, ಮುಂದಿನ ಪದಕ್ಕೆ ಪೆನ್ನು ನಿಂತುಹೋಯಿತು. ಆ ಮನೆಯಲ್ಲಿ ಉಂಡಿದ್ದ, ಆ ಕಂಬಳಿಯ ಮೇಲೆ ಮಲಗಿದ್ದ, ಆ ಮನೆಯ ಮದುವೆ ಸಾವು ಎರಡರಲ್ಲೂ ನಿಂತಿದ್ದ. ಅದೊಂದನ್ನು ಮಾತ್ರ ಅವನು ಯಾವತ್ತೂ ಕೇಳಿ ತಿಳಿದುಕೊಂಡಿರಲಿಲ್ಲ. ತಲೆಯೆತ್ತಲಾರದೆ, ಎದುರಿಗೆ ನಿಂತವನು ಯಾರೋ ದಾರಿಹೋಕನೆಂಬಂತೆ, ಪ್ರಧಾನರ ದನಿಯಲ್ಲೇ ಕೇಳಿದ:

"ತಂದೆ ಹೆಸ್ರು?"

ಯತ್ತಪ್ಪ ಕಂಕುಳ ವಸ್ತ್ರವನ್ನು ಇನ್ನಷ್ಟು ಅವುಚಿಕೊಂಡು, ಸಾಹೇಬರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದ. ಕದರಪ್ಪ ಬರೆದುಕೊಂಡ.